ಕಾಯಿಯಲ್ಲೇ ಮೊಳಕೆ ಒಡೆದ ಹೆಸರು: ಇಸ್ರೋ ಅಧ್ಯಕ್ಷರಿಗೆ ನವಲಗುಂದ ಸೀಮೆಯಿಂದ ಒಂದು ಪತ್ರ

ಮಾನ್ಯ ಡಾ. ವಿ. ನಾರಾಯಣನ್ ಅವರಿಗೆ,
ನಮಸ್ಕಾರ.

ಈ ವರ್ಷ ಹೆಸರು ಕಾಳು ಎರಡು ಕಡೆ ಮೊಳಕೆ ಒಡೆದದ್ದನ್ನು ನೋಡಿದೆ. ಒಂದು, ಭೂಮಿಯಿಂದ 400 ಕಿಲೋಮೀಟರ್ ಮೇಲೆ, ಅಂತರರಾಷ್ಟ್ರೀಯ ಬಾಹ್ಯಾಕಾಶ ನಿಲ್ದಾಣದಲ್ಲಿ. ಇನ್ನೊಂದು, ನಮ್ಮ ಹೊಲದಲ್ಲಿ. ಮೊದಲನೆಯದನ್ನು ಫೋಟೋದಲ್ಲಿ ನೋಡಿ ಕಣ್ಣು ತುಂಬಿ ಬಂತು. ಎರಡನೆಯದನ್ನು ಕೈಯಲ್ಲಿ ಹಿಡಿದು ನೋಡಿದಾಗಲೂ ಕಣ್ಣು ತುಂಬಿತು. ಕಾರಣ ಬೇರೆ.

ನಾನು ಧಾರವಾಡ ಜಿಲ್ಲೆ ನವಲಗುಂದ ತಾಲ್ಲೂಕಿನ ಒಂದು ಹಳ್ಳಿಯವಳು. ಮೂವತ್ತು ವರ್ಷ ಹೈಸ್ಕೂಲಿನಲ್ಲಿ ವಿಜ್ಞಾನ ಕಲಿಸಿದೆ. ನಿವೃತ್ತಿಯಾದ ಮೇಲೆ ತಮ್ಮನ ಜೊತೆ ಎಂಟು ಎಕರೆ ಎರೆ ಹೊಲ ನೋಡಿಕೊಂಡಿದ್ದೇನೆ. ಪತ್ರವನ್ನು ಕನ್ನಡದಲ್ಲೇ ಬರೆಯುತ್ತಿದ್ದೇನೆ. ನಿಮ್ಮ ಕೇಂದ್ರ ಕಚೇರಿ ಅಂತರಿಕ್ಷ ಭವನದಲ್ಲಿ ಕನ್ನಡ ಬಲ್ಲವರು ಬೇಕಾದಷ್ಟು ಜನ ಇದ್ದಾರೆ, ನಿಮಗೆ ಓದಿ ಹೇಳುತ್ತಾರೆ. ನೀವೂ ಕನ್ಯಾಕುಮಾರಿ ಜಿಲ್ಲೆಯ ಹಳ್ಳಿಯಿಂದ, ತಮಿಳು ಮಾಧ್ಯಮದ ಶಾಲೆಯಿಂದ ಬಂದವರು. ತಾಯ್ನುಡಿಯಲ್ಲಿ ಕೇಳಿದ ಮಾತು ಎಷ್ಟು ಆಳಕ್ಕೆ ಇಳಿಯುತ್ತದೆ ಅಂತ ನಿಮಗೆ ನಾನು ಹೇಳಬೇಕಾಗಿಲ್ಲ. ಈ ಪತ್ರದ ಅರ್ಧ ವಿಷಯ ಅದೇ.

ಮೊದಲು ಸಂತೋಷದ ಮಾತು. ಜೂನ್ 25ರಂದು ನಮ್ಮ ಗಗನಯಾತ್ರಿ ಶುಭಾಂಶು ಶುಕ್ಲಾ ಆಕ್ಸಿಯಂ-4 ಯಾನದಲ್ಲಿ ಆ ನಿಲ್ದಾಣಕ್ಕೆ ಹೋದರಲ್ಲ, ಅವರ ಕೆಲಸದ ಪಟ್ಟಿಯಲ್ಲಿ ಹೆಸರು ಕಾಳು, ಮೆಂತ್ಯ ಕಾಳು ಮೊಳಕೆ ಬರಿಸುವ ಪ್ರಯೋಗವೂ ಇತ್ತು. ಆ ಪ್ರಯೋಗ ನಮ್ಮ ಧಾರವಾಡದ್ದು. ಕೃಷಿ ವಿಶ್ವವಿದ್ಯಾಲಯದವರೂ ಐಐಟಿ ಧಾರವಾಡದವರೂ ಸೇರಿ ರೂಪಿಸಿದ್ದು. ತೂಕವೇ ತಿಳಿಯದ ಜಾಗದಲ್ಲಿ ಕಾಳು ಹೇಗೆ ಮೊಳೆಯುತ್ತದೆ, ಅದರ ಸತ್ವ ಏನಾಗುತ್ತದೆ, ಮುಂದಿನ ಪೀಳಿಗೆಗಳಲ್ಲಿ ಏನಾದರೂ ಬದಲಾಗುತ್ತದಾ ಅನ್ನೋದು ಪ್ರಶ್ನೆ. ಹಬ್ಬಕ್ಕೆ ನಾವು ಕೋಸಂಬರಿ ಮಾಡುವ ಅದೇ ಹೆಸರು. ಬಾಣಂತಿಗೆ ಕೊಡುವ ಅದೇ ಮೆಂತ್ಯ.

ನಾನು ಮೊದಲು ಕೆಲಸ ಮಾಡಿದ ಶಾಲೆಗೆ ಹೋಗಿ ಮಕ್ಕಳಿಗೆ ಆ ಫೋಟೋ ತೋರಿಸಿದೆ. ಒಂಬತ್ತನೆಯ ತರಗತಿಯ ಹುಡುಗಿಯೊಬ್ಬಳು ಎದ್ದು ಕೇಳಿದಳು: "ಟೀಚರ್, ಮ್ಯಾಲ ಹೋದ ಹೆಸರು ನಮ್ಮ ಹೊಲದ್ದೇನ್ರಿ?" ನನಗೆ ಗೊತ್ತಿರಲಿಲ್ಲ. ಧಾರವಾಡದ್ದು ಅಂದಮೇಲೆ ನಮ್ಮದೇ ಅಂದುಕೊಳ್ಳವ್ವ ಅಂದೆ. ಅವತ್ತು ಆ ಮಕ್ಕಳ ಮುಖ ನೀವು ನೋಡಬೇಕಿತ್ತು. ಶ್ರೀಹರಿಕೋಟಾ ಅವರಿಗೆ ದೂರದ ಊರು. ಧಾರವಾಡ ಬಸ್ಸಿನಲ್ಲಿ ಹೋಗಿ ಬರುವ ಊರು.

ಇನ್ನು ಎರಡನೆಯ ಮೊಳಕೆ.

ನಮ್ಮ ಕಡೆ ಹೆಸರು ಮುಂಗಾರಿಯ ಮೊದಲ ಬೆಳೆ. ರೋಹಿಣಿ ಇಲ್ಲವೇ ಮಿರಗದ ಮಳೆಗೆ ಬಿತ್ತಿದರೆ ಎರಡು ತಿಂಗಳು ಚಿಲ್ಲರೆ ದಿನಕ್ಕೆ, ಶ್ರಾವಣದ ಹೊತ್ತಿಗೆ ಕೈಗೆ ಬರುತ್ತದೆ. ಆ ರೊಕ್ಕದಲ್ಲೇ ಪಂಚಮಿ, ಗಣಪತಿ ಹಬ್ಬ. ಮಕ್ಕಳ ಫೀ, ಅಂಗಡಿಯ ಉದ್ರಿ ತೀರುವುದೂ ಅದರಿಂದಲೇ. ಆಮೇಲೆ ಅದೇ ಹೊಲ ಹಿಂಗಾರಿ ಜೋಳಕ್ಕೆ, ಕಡಲೆಗೆ ತಯಾರು. ನಾವು ಧಾರವಾಡ ವಿಶ್ವವಿದ್ಯಾಲಯದ್ದೇ ತಳಿ ಡಿಜಿಜಿವಿ-2 ಹಾಕಿದ್ದೆವು. ಬೆಳೆ ನೋಡಿದವರೆಲ್ಲ ಚಲೋ ಐತಿ ಅಂದಿದ್ದರು. ಕಾಯಿ ಕಪ್ಪಾಗಿ ಬಿಡಿಸಲಿಕ್ಕೆ ಬಂದಿತ್ತು. ಆಳು ಹೇಳಿಯಾಗಿತ್ತು. ಆಗ ಮಳೆ ಹಿಡಿಯಿತು. ಜೋರು ಮಳೆಯಲ್ಲ, ಜಿಟಿಜಿಟಿ ಮಳೆ. ಎರೆ ಹೊಲದಲ್ಲಿ ಕಾಲಿಟ್ಟರೆ ಮೊಣಕಾಲತನಕ ಹೂತು ಹೋಗುತ್ತದೆ. ಆಳು ಇಳಿಯುವುದಿಲ್ಲ, ಯಂತ್ರ ಇಳಿಯುವುದಿಲ್ಲ. ಹತ್ತು ದಿನ ನಾವು ಬದುವಿನ ಮೇಲೆ ನಿಂತು ನೋಡಿದೆವು. ಹನ್ನೊಂದನೆಯ ದಿನ ಒಂದು ಕಾಯಿ ಬಿಡಿಸಿದರೆ ಒಳಗೆ ಕಾಳು ಗಿಡದಲ್ಲೇ ಮೊಳಕೆ ಒಡೆದಿತ್ತು. ಬಿಳಿ ಬಾಲ ಹೊರಗೆ ಇಣುಕುತ್ತಿತ್ತು. 2025-26ರ ಸಾಲಿನ ಬೆಂಬಲ ಬೆಲೆ ಕ್ವಿಂಟಲಿಗೆ 8768 ರೂಪಾಯಿ. ಮೊಳೆತ ಕಾಳಿಗೆ ಆ ಲೆಕ್ಕ ಇಲ್ಲ. ದನಕ್ಕೆ ಹಾಕಬೇಕು ಅಷ್ಟೇ.

ಪಕ್ಕದ ಹೊಲದ ಕಾಕಾ ಒಂದು ಹಿಡಿ ಕಾಯಿ ತಂದು ನನ್ನ ಕೈಗೆ ಹಾಕಿ ಹೇಳಿದರು: "ಅಕ್ಕಾರ, ಮ್ಯಾಲ ಆ ಹುಡುಗ ಹೆಸರ ಮೊಳಕಿ ಬರಿಸ್ಯಾನ ಅಂದ್ರಿ. ಇಲ್ಲೆ ನಮ್ಮವು ತಾವ ಮೊಳಕಿ ಒಡದಾವು. ಇವನ್ನ ಯಾರು ಕೇಳ್ತಾರ್ರಿ?"

ಬೆಳೆ ವಿಮೆ ಕಟ್ಟಿದ್ದೆವು. 72 ತಾಸಿನೊಳಗೆ ತಿಳಿಸಬೇಕು ಅನ್ನುವ ನಿಯಮ ನನಗೆ ಗೊತ್ತಿತ್ತು. ಎರಡನೇ ದಿನವೇ ಫೋನ್ ಮಾಡಿದೆ, ನಂಬರ್ ಬರೆದುಕೊಂಡೆ. ನೋಡಲು ಬಂದದ್ದು ಒಂಬತ್ತು ದಿನದ ಮೇಲೆ. ಬಂದ ಹುಡುಗ ಮರ್ಯಾದಸ್ಥ, ಅವನ ಮೇಲೆ ನನಗೆ ಸಿಟ್ಟಿಲ್ಲ. ಹೊಲದೊಳಗೆ ನಾಲ್ಕು ಹೆಜ್ಜೆ ಇಟ್ಟು, ಮೊಬೈಲ್ ತೆಗೆದು, ಹಸಿರು ಬಣ್ಣದ ಒಂದು ನಕ್ಷೆ ತೋರಿಸಿದ. "ಮೇಡಂ, ಸ್ಯಾಟಲೈಟ್‌ನಾಗ ನಿಮ್ಮ ಹೊಲ ಪೂರಾ ಹಸರ ಕಾಣಾಕತ್ತೈತಿ. ಇದಕ್ಕ ನಾ ಏನ್ ಬರೀಲಿರಿ?"

ಹೌದು, ಹಸಿರೇ ಇತ್ತು. ಮಳೆ ಹತ್ತಿದ ಹೆಸರಿನ ಗಿಡ ಒಣಗುವುದಿಲ್ಲ, ಮತ್ತೆ ಚಿಗುರುತ್ತದೆ. ಕಾಳು ಕೆಟ್ಟಷ್ಟೂ ಹೊಲ ಹಸಿರಾಗಿ ಕಾಣುತ್ತದೆ. ಕೆಳಗೆ ನಿಂತವರಿಗೆ ಇದು ಕಾಯಿ ಬಿಡಿಸಿದ ಕೂಡಲೇ ಗೊತ್ತಾಗುತ್ತದೆ. ಮೇಲಿನ ಚಿತ್ರಕ್ಕೆ ಗೊತ್ತಾಗುವುದಿಲ್ಲ.

ವಿಮೆಯ ಜಗಳ ನಾನು ಬೇರೆ ಕಡೆ ಮಾಡುತ್ತೇನೆ. ನಿಮಗೆ ಬರೆಯುತ್ತಿರುವುದು ಬೇರೆ ಕಾರಣಕ್ಕೆ. ಆ ಹುಡುಗ "ಸ್ಯಾಟಲೈಟ್" ಅಂದಾಗ ಕಾಕಾ ಸುಮ್ಮನಾಗಿಬಿಟ್ಟರು. ಎಪ್ಪತ್ತು ಮಳೆಗಾಲ ನೋಡಿದ ಮನುಷ್ಯ. ತನ್ನ ಕೈಯಲ್ಲಿರುವ ಮೊಳೆತ ಕಾಳಿಗಿಂತ ಆಕಾಶದ ಮಾತು ದೊಡ್ಡದು ಅಂತ ಅವರಿಗೆ ಅನ್ನಿಸಿತು. ನನಗೆ ಅದು ಬಹಳ ನೋವು ಕೊಟ್ಟಿತು. ನಿಮ್ಮ ಸಂಸ್ಥೆಯನ್ನು ಕಟ್ಟಿದವರು ಇದಕ್ಕಾಗಿ ಕಟ್ಟಲಿಲ್ಲ ಸರ್. ಅದು ನನಗೆ ಪುಸ್ತಕದಿಂದಲ್ಲ, ಹತ್ತು ವರ್ಷದವಳಿದ್ದಾಗಿನಿಂದ ಗೊತ್ತು.

1975ರಲ್ಲಿ ನಾನು ಅಜ್ಜಿ ಊರಲ್ಲಿ ಇದ್ದೆ. ಆಗಿನ ಬಿಜಾಪುರ ಜಿಲ್ಲೆ. ಒಂದು ದಿನ ಶಾಲೆಯ ಮೇಲೆ ಕೋಳಿ ಗೂಡಿನ ಜಾಲರಿಯಂಥ ತಂತಿಯ ದೊಡ್ಡ ಛತ್ರಿ ಬಂತು. ಅದರ ಕೆಳಗೆ ಒಂದು ಟಿವಿ. ಊರಲ್ಲಿ ಯಾರೂ ಟಿವಿ ನೋಡಿದವರಲ್ಲ. ಸಂಜೆ ಆದರೆ ಚಾಪೆ ಹಾಸಿ ಇಡೀ ಊರು ಕೂತುಕೊಳ್ಳುತ್ತಿತ್ತು. ಅದರಲ್ಲಿ ಕನ್ನಡ ಮಾತಾಡುತ್ತಿದ್ದರು. ಬಿತ್ತನೆ, ಬೀಜ, ಕೂಸಿನ ಆರೈಕೆ, ದನದ ರೋಗ. ನನ್ನ ಅಜ್ಜಿ ಟಿವಿಯೊಳಗಿನವರಿಗೆ ಎದುರು ಉತ್ತರ ಕೊಡುತ್ತಿದ್ದಳು. ಒಂದು ವರ್ಷದ ಮೇಲೆ ಒಂದು ಸಂಜೆ ಪರದೆಯಲ್ಲಿ ಏನೂ ಬರಲಿಲ್ಲ. ಮರುದಿನವೂ ಬರಲಿಲ್ಲ. ಚಾಪೆ ಮಡಚಿಕೊಂಡು ಎಲ್ಲರೂ ಮನೆಗೆ ಹೋದರು.

ಅದರ ಹಿಂದಿನ ಕಥೆ ತಿಳಿದದ್ದು ಕಾಲೇಜಿಗೆ ಬಂದ ಮೇಲೆ. ಆ ಉಪಗ್ರಹ ನಮ್ಮದಾಗಿರಲಿಲ್ಲ. ಅಮೆರಿಕದ ನಾಸಾದಿಂದ ಒಂದು ವರ್ಷಕ್ಕೆ ಕಡ ತಂದದ್ದು, ಎಟಿಎಸ್-6 ಅಂತ. ಆರು ರಾಜ್ಯಗಳ 2400 ಹಳ್ಳಿಗಳು, ನಮ್ಮ ರಾಜ್ಯದಲ್ಲಿ ಬಿಜಾಪುರ, ಗುಲ್ಬರ್ಗಾ, ರಾಯಚೂರು. 1975ರ ಆಗಸ್ಟ್ 1ರಿಂದ 1976ರ ಜುಲೈ 31ರ ತನಕ. ಆ ಒಪ್ಪಂದಕ್ಕಾಗಿ ಹೋರಾಡಿದವರು ಇಸ್ರೋ ಕಟ್ಟಿದ ವಿಕ್ರಮ್ ಸಾರಾಭಾಯಿ. ಅದು ಸಹಿಯಾದದ್ದು 1969ರಲ್ಲಿ. ಟಿವಿ ಬರುವ ಹೊತ್ತಿಗೆ ಅವರು ಇರಲಿಲ್ಲ. 1971ರ ಡಿಸೆಂಬರ್ 30ರಂದು, ಐವತ್ತೆರಡನೇ ವಯಸ್ಸಿಗೇ ಹೋಗಿಬಿಟ್ಟರು. ನನ್ನ ಅಜ್ಜಿ ಚಾಪೆ ಮೇಲೆ ಕೂತು ಕೂಸಿನ ಆರೈಕೆಯ ಮಾತು ಕೇಳಿದ್ದನ್ನು ಅವರು ನೋಡಲೇ ಇಲ್ಲ.

ನಾನು ಈ ಕಥೆಯನ್ನು ಪ್ರತಿ ವರ್ಷ ತರಗತಿಯಲ್ಲಿ ಹೇಳುತ್ತಿದ್ದೆ. 1963ರಲ್ಲಿ ಕೇರಳದ ತುಂಬಾದಿಂದ ಮೊದಲ ರಾಕೆಟ್ ಹಾರಿದ್ದು, ಅಲ್ಲಿನ ಚರ್ಚೇ ಕಚೇರಿಯಾದದ್ದು, ಸೈಕಲ್ ಮೇಲೆ ಭಾಗಗಳನ್ನು ಸಾಗಿಸಿದ್ದು ಮಕ್ಕಳಿಗೆ ಇಷ್ಟ. ನನಗೆ ಇಷ್ಟವಾದದ್ದು ಬೇರೆ. ಬಡ ದೇಶಕ್ಕೆ ರಾಕೆಟ್ ಯಾಕೆ ಅಂತ ಕೇಳಿದವರಿಗೆ ಸಾರಾಭಾಯಿ ಕೊಟ್ಟ ಉತ್ತರ. ಶ್ರೀಮಂತ ದೇಶಗಳ ಜೊತೆ ಚಂದ್ರನ ಮೇಲೆ ಪೈಪೋಟಿ ಮಾಡುವ ಕನಸು ನಮಗಿಲ್ಲ, ಆದರೆ ನಮ್ಮ ಜನರ ನಿಜವಾದ ಕಷ್ಟಕ್ಕೆ ಈ ವಿದ್ಯೆ ಬಳಸುವುದರಲ್ಲಿ ಯಾರಿಗೂ ಹಿಂದೆ ಬೀಳಬಾರದು ಅನ್ನುವ ಅರ್ಥದ ಮಾತು. ಅವರು ಮಾತಾಡಿ ಬಿಡಲಿಲ್ಲ. ಹಳ್ಳಿಗೆ ಏನು ಬೇಕು ಅಂತ ಕೇಳುವ ಜನ ಆ ಟಿವಿ ಯೋಜನೆಯೊಳಗೆ ಇದ್ದರು. ಕೆಲವರು ಹಳ್ಳಿಗಳಲ್ಲೇ ಮನೆ ಮಾಡಿ ತಿಂಗಳುಗಟ್ಟಲೆ ಇದ್ದು, ಜನ ಏನು ನೋಡಿದರು, ಏನು ಕಲಿತರು ಅಂತ ಬರೆದುಕೊಂಡರು. ಆ ಕಡ ತಂದ ಒಂದು ವರ್ಷದ ಅನುಭವ ನಮ್ಮದೇ ಇನ್‌ಸ್ಯಾಟ್ ಉಪಗ್ರಹಗಳಿಗೆ ದಾರಿಯಾಯಿತು. ಇವತ್ತು ಚಂಡಮಾರುತದ ಮುನ್ಸೂಚನೆ ಟಿವಿಯಲ್ಲಿ ನೋಡುತ್ತೇವಲ್ಲ, ಅದರ ಬೇರು ಅಲ್ಲಿದೆ. 1999ರಲ್ಲಿ ಒಡಿಶಾದ ಚಂಡಮಾರುತದಲ್ಲಿ ಸುಮಾರು ಹತ್ತು ಸಾವಿರ ಜನ ಸತ್ತರು. 2013ರಲ್ಲಿ ಅದೇ ಒಡಿಶಾಕ್ಕೆ ಫೈಲಿನ್ ಬಂದಾಗ ಮೊದಲೇ ತಿಳಿದು, ಲಕ್ಷಗಟ್ಟಲೆ ಜನರನ್ನು ಎಬ್ಬಿಸಿ ಬೇರೆ ಕಡೆ ಕಳಿಸಿದರು. ಸತ್ತವರು ಐವತ್ತರೊಳಗೆ.

ಇನ್ನೊಂದು ಸಂಗತಿ ನೆನಪಿಸುತ್ತೇನೆ. ನಿಮಗೆ ಗೊತ್ತಿರುತ್ತದೆ, ಈ ಪತ್ರ ಓದುವ ಉಳಿದವರಿಗೆ ಗೊತ್ತಿರಲಿಕ್ಕಿಲ್ಲ. ನಮ್ಮ ದೇಶದಲ್ಲಿ ಮೇಲಿನಿಂದ ಭೂಮಿಯನ್ನು ನೋಡುವ ವಿದ್ಯೆ ಶುರುವಾದದ್ದೇ ಒಂದು ಗಿಡದ ರೋಗದಿಂದ. 1970ರ ಸುಮಾರಿಗೆ ವಿಜ್ಞಾನಿ ಪಿ. ಆರ್. ಪಿಷಾರೋಟಿ ಅವರು ಕೇರಳದ ತೆಂಗಿನ ತೋಟಗಳ ಮೇಲೆ ಹೆಲಿಕಾಪ್ಟರ್ ಹಾರಿಸಿ, ಇನ್‌ಫ್ರಾರೆಡ್ ಫಿಲ್ಮಿನಲ್ಲಿ ಫೋಟೋ ತೆಗೆಸಿದರು. ತೆಂಗಿಗೆ ಬೇರು ಸೊರಗು ರೋಗ ಬಂದಿತ್ತು. ಆರೋಗ್ಯವಾಗಿರುವ ಎಲೆ ನಮ್ಮ ಕಣ್ಣಿಗೆ ಕಾಣದ ಆ ಬೆಳಕನ್ನು ಜಾಸ್ತಿ ಹಿಂದಕ್ಕೆ ಎಸೆಯುತ್ತದೆ. ರೋಗ ತಗುಲಿದ ಎಲೆ ಕಡಿಮೆ ಎಸೆಯುತ್ತದೆ. ನೆಲದ ಮೇಲೆ ನಿಂತವರಿಗೆ ಇನ್ನೂ ಹಸಿರಾಗಿ ಕಾಣುವ ಮರ ಆ ಫೋಟೋದಲ್ಲಿ ಬೇರೆ ಬಣ್ಣಕ್ಕೆ ತಿರುಗಿರುತ್ತದೆ. ಅಂದರೆ, ರೈತನಿಗೆ ಕಾಣದ್ದನ್ನು ರೈತನಿಗೆ ಮೊದಲೇ ತಿಳಿಸುವುದು ಈ ವಿದ್ಯೆಯ ಹುಟ್ಟುಗುಣ. 1988ರಲ್ಲಿ ಭೂಮಿಯನ್ನು ನೋಡುವ ಉಪಗ್ರಹ ಐಆರ್‌ಎಸ್-1ಎ ಮೇಲೆ ಹೋದದ್ದು ಅದೇ ದಾರಿಯಲ್ಲಿ. ಆಗ ನಿಮ್ಮ ಕುರ್ಚಿಯಲ್ಲಿ ಇದ್ದವರು ಉಡುಪಿ ಹತ್ತಿರದ ಅದಮಾರಿನ ಯು. ಆರ್. ರಾವ್. ಪೀಣ್ಯದ ಶೆಡ್ಡುಗಳಲ್ಲಿ 360 ಕಿಲೋ ತೂಕದ ಆರ್ಯಭಟ ಉಪಗ್ರಹ ಕಟ್ಟಿದವರು. ಬರ, ಅಂತರ್ಜಲ, ಬೆಳೆ ಅಂತ ಅವರು ಮತ್ತೆ ಮತ್ತೆ ನೆಲದ ಕಡೆಗೇ ತಿರುಗಿ ನೋಡಿದರು.

ಅದೇ ವಿದ್ಯೆ ಈಗ ನಮ್ಮ ಹೊಲಕ್ಕೆ ಬಂದಾಗ ದಿಕ್ಕು ಬದಲಾಗಿತ್ತು. ರೈತನಿಗೆ ಕಂಡದ್ದನ್ನು ಅದು ಇಲ್ಲ ಅಂದಿತು. ತಪ್ಪು ಉಪಗ್ರಹದ್ದಲ್ಲ. ಅದು ಎಲೆಯ ಹಸಿರು ನೋಡಿತು, ಹಸಿರು ಅಂತ ಹೇಳಿತು. ಕಾಯಿಯೊಳಗಿನ ಕಾಳು ನೋಡುವುದು ಅದರ ಕೆಲಸವೇ ಅಲ್ಲ. ಮೇಲಾಗಿ ಶ್ರಾವಣದಲ್ಲಿ ನಮ್ಮ ಮೇಲೆ ಹದಿನೈದು ದಿನ ಮೋಡ ಕವಿದಿರುತ್ತದೆ. ಸಾಮಾನ್ಯ ಕ್ಯಾಮೆರಾದ ಉಪಗ್ರಹ ಮೋಡದಾಚೆ ನೋಡಲಾರದು. ಆ ಹುಡುಗ ತೋರಿಸಿದ ಚಿತ್ರ ಯಾವ ದಿನದ್ದು ಅಂತ ಕೇಳಿದೆ. ಅವನಿಗೆ ಗೊತ್ತಿರಲಿಲ್ಲ. ಚಿತ್ರದ ಮೇಲೆ ತಾರೀಖು ಇರಲಿಲ್ಲ. ಮಳೆಗಿಂತ ಮೊದಲಿನದು ಅಂತಲೇ ನನ್ನ ಅನುಮಾನ.

ಹಾಗಾದರೆ ಯಾರ ತಪ್ಪು? ಇದು ನನ್ನನ್ನು ಸತೀಶ್ ಧವನ್ ಅವರ ಹತ್ತಿರ ಕರೆದುಕೊಂಡು ಹೋಗುತ್ತದೆ. ಸಾರಾಭಾಯಿ ಹೋದ ಮೇಲೆ ಇಸ್ರೋ ವಹಿಸಿಕೊಳ್ಳಿ ಅಂದಾಗ, ಬೆಂಗಳೂರಿನ ವಿಜ್ಞಾನ ಸಂಸ್ಥೆ ಐಐಎಸ್‌ಸಿ ಬಿಡುವುದಿಲ್ಲ, ಕೇಂದ್ರ ಕಚೇರಿ ಬೆಂಗಳೂರಿನಲ್ಲೇ ಇರಬೇಕು ಅಂದವರು ಅವರು. ನಿಮ್ಮ ಅಂತರಿಕ್ಷ ಭವನ ನಮ್ಮ ರಾಜ್ಯದಲ್ಲಿ ಇರುವುದು ಅವರಿಂದ. 1979ರ ಆಗಸ್ಟ್ 10ರಂದು ಎಸ್‌ಎಲ್‌ವಿ-3 ರಾಕೆಟ್ ಮೊದಲ ಸಲ ಹಾರಿ ಸಮುದ್ರಕ್ಕೆ ಬಿತ್ತು. ಯೋಜನೆಯ ಮುಖ್ಯಸ್ಥರು ಅಬ್ದುಲ್ ಕಲಾಂ. ಪತ್ರಕರ್ತರ ಮುಂದೆ ಕೂತವರು ಮಾತ್ರ ಧವನ್. ನನ್ನ ತಂಡದ ಮೇಲೆ ನನಗೆ ನಂಬಿಕೆ ಇದೆ ಅಂತ ಹೇಳಿ ಹೊಣೆಯನ್ನು ತಾವು ಹೊತ್ತರು. ಮುಂದಿನ ವರ್ಷ ಜುಲೈ 18ರಂದು ಅದೇ ರಾಕೆಟ್ ರೋಹಿಣಿ ಉಪಗ್ರಹವನ್ನು ಕಕ್ಷೆಗೆ ಸೇರಿಸಿತು. ಅವತ್ತು ಧವನ್ ಹಿಂದೆ ಸರಿದು, ಪತ್ರಕರ್ತರ ಹತ್ತಿರ ನೀವು ಹೋಗಿ ಅಂತ ಕಲಾಂ ಅವರನ್ನು ಕಳಿಸಿದರು. ಕಲಾಂ ಇದನ್ನು ಬದುಕಿರುವ ತನಕ ಹೇಳುತ್ತಿದ್ದರು.

ರೋಹಿಣಿ ಅನ್ನುವ ಹೆಸರು ಕೇಳಿದರೆ ನಮಗೆ ಮಳೆ ನೆನಪಾಗುತ್ತದೆ. ರೋಹಿಣಿ ಮಳೆ ಸುರಿದರೆ ಓಣಿಯೆಲ್ಲ ಜೋಳ ಅನ್ನುವ ಗಾದೆ ಇದೆ. ನಾಲ್ಕು ಬಾರಿ ಕೈಕೊಟ್ಟರೂ ಮಳೆಯನ್ನು ನಂಬಿ ಬಿತ್ತುವ ಜನ ನಾವು. ಸೋಲು ನಮಗೆ ಹೊಸದಲ್ಲ. ಆದರೆ ಸೋತಾಗ ಎದುರು ಬಂದು, ಹೌದು ಇದು ನನ್ನ ಲೆಕ್ಕದ ತಪ್ಪು ಅಂತ ಹೇಳುವ ಒಬ್ಬ ಅಧಿಕಾರಿಯನ್ನು ನಾನು ಈ ಅರವತ್ತು ವರ್ಷದಲ್ಲಿ ನಮ್ಮ ಊರಲ್ಲಿ ನೋಡಲಿಲ್ಲ. ಅರ್ಜಿ ಒಂದು ಮೇಜಿನಿಂದ ಇನ್ನೊಂದಕ್ಕೆ ಹೋಗುತ್ತದೆ. ಕೊನೆಗೆ ಎಲ್ಲರೂ ಮೇಲೆ ಬೆರಳು ಮಾಡುತ್ತಾರೆ. ಈ ಸಲ ಆಕಾಶಕ್ಕೇ ಬೆರಳು ಮಾಡಿದರು.

ಧವನ್ ಅವರ ದಾರಿಯನ್ನು ನೀವು ಮರೆತಿಲ್ಲ ಅಂತ ನನಗೆ ಗೊತ್ತು. ಈ ವರ್ಷ ಮೇ 18ರ ಬೆಳಿಗ್ಗೆ ಪಿಎಸ್‌ಎಲ್‌ವಿ-ಸಿ61 ರಾಕೆಟ್ ಮೂರನೇ ಹಂತದಲ್ಲಿ ಕೈಕೊಟ್ಟಾಗ ನೀವೇ ಮುಂದೆ ನಿಂತು ಹೇಳಿದಿರಿ. ನಾನು ಚಹಾ ಹಿಡಿದುಕೊಂಡು ನೋಡುತ್ತಿದ್ದೆ. ಅವತ್ತು ಕಳೆದುಹೋದ ಇಒಎಸ್-09 ರಾಡಾರ್ ಉಪಗ್ರಹ. ಮೋಡ ಇರಲಿ, ರಾತ್ರಿ ಇರಲಿ, ನೆಲ ನೋಡಬಲ್ಲದ್ದು. ನಮ್ಮಂಥವರಿಗೆ ಬೇಕಾದದ್ದೇ ಅದು. ನೋವಾಯಿತು. ಆದರೆ ನೀವು ಮಾತು ಮುಚ್ಚಿಡಲಿಲ್ಲ ಅನ್ನುವುದಕ್ಕೆ ಸಮಾಧಾನವೂ ಆಯಿತು. ಚಂದ್ರಯಾನ-2ರ ಲ್ಯಾಂಡರ್ ಬಿದ್ದ ಮೇಲೆ ಚಂದ್ರಯಾನ-3ನ್ನು ಏನೇನು ಕೆಡಬಹುದು ಅನ್ನುವ ಲೆಕ್ಕದಿಂದಲೇ ಕಟ್ಟಿದಿರಿ. 2023ರ ಆಗಸ್ಟ್ 23ರ ಸಂಜೆ ನಮ್ಮ ಊರ ಬಸವಣ್ಣನ ಗುಡಿಯ ಕಟ್ಟೆ ಮೇಲೆ ಕೂತು ನಾವೆಲ್ಲ ನೋಡಿದೆವು. ಸೋಲನ್ನು ಹೀಗೆ ಎದುರಿಸುವುದು ಇಸ್ರೋ ನಮ್ಮ ದೇಶಕ್ಕೆ ಕಲಿಸಿದ ದೊಡ್ಡ ಪಾಠ ಅಂತ ನನ್ನ ನಂಬಿಕೆ. ಆ ಪಾಠ ಬೆಂಗಳೂರಿನಿಂದ ನವಲಗುಂದಕ್ಕೆ ಬರುವ ದಾರಿಯಲ್ಲಿ ಎಲ್ಲೋ ತಪ್ಪಿಹೋಗಿದೆ.

ಈಗ ನಾನು ಕೇಳಬೇಕಾದದ್ದು ಕೇಳುತ್ತೇನೆ.

ಕಾರವಾರ, ಹೊನ್ನಾವರದ ಮೀನುಗಾರರಿಗೆ ಉಪಗ್ರಹದ ಮಾಹಿತಿ ಹೇಗೆ ಹೋಗುತ್ತದೆ ನೋಡಿ. ಸಮುದ್ರದ ನೀರಿನ ಬಣ್ಣ, ಬಿಸಿ ಎರಡನ್ನೂ ಉಪಗ್ರಹ ಅಳೆಯುತ್ತದೆ. ಪಾಚಿ ಎಲ್ಲಿ ಜಾಸ್ತಿ ಇದೆಯೋ ಅಲ್ಲಿಗೆ ಮೀನು ಬರುತ್ತದೆ. ಹೈದರಾಬಾದಿನ ಸಾಗರ ಮಾಹಿತಿ ಕೇಂದ್ರ ಇನ್‌ಕಾಯ್ಸ್ ಅದನ್ನು ಲೆಕ್ಕ ಹಾಕಿ, ದಡದಿಂದ ಯಾವ ದಿಕ್ಕಿಗೆ, ಎಷ್ಟು ದೂರ, ಎಷ್ಟು ಆಳ ಅಂತ ಕನ್ನಡದಲ್ಲೇ ತಿಳಿಸುತ್ತದೆ. ಮೀನುಗಾರನಿಗೆ ಯಾವ ನಕ್ಷೆಯೂ ಬೇಡ. ದೋಣಿ ತಿರುಗಿಸಿದರೆ ಆಯಿತು. ಡೀಸೆಲ್ ಉಳಿಯುತ್ತದೆ. ಯಾರೋ ಒಬ್ಬರು ದಡಕ್ಕೆ ಹೋಗಿ, ನಿಮ್ಮ ಭಾಷೆಯಲ್ಲಿ ಜಾಗ ಹೇಗೆ ಗುರುತಿಸುತ್ತೀರಿ ಅಂತ ಕೇಳಿದ್ದರಿಂದ ಇದು ಸಾಧ್ಯವಾಗಿರಬೇಕು, ಅಲ್ವಾ?

ನಮಗೂ ಅಷ್ಟೇ ಬೇಕು. ಜುಲೈ 30ರಂದು ನಿಸಾರ್ ಉಪಗ್ರಹ ಹಾರಿಸಿದಿರಿ. ನಾಸಾದವರ ಎಲ್-ಬ್ಯಾಂಡ್ ರಾಡಾರ್, ನಿಮ್ಮ ಎಸ್-ಬ್ಯಾಂಡ್ ರಾಡಾರ್, 12 ಮೀಟರ್ ಅಗಲದ ಆಂಟೆನಾ. 12 ದಿನಕ್ಕೊಮ್ಮೆ ಅದೇ ಜಾಗಕ್ಕೆ ಬಂದು ನೋಡುತ್ತದೆ. ಮೋಡದ ಕಾಟ ಇಲ್ಲ. ಮಣ್ಣಿನ ತೇವವನ್ನೂ ಹೇಳಬಲ್ಲದು. ಅದರ ಮಾಹಿತಿ ಎಲ್ಲರಿಗೂ ಉಚಿತ ಅಂದಿದ್ದೀರಿ. ಬಹಳ ದೊಡ್ಡ ಮನಸ್ಸಿನ ನಿರ್ಧಾರ. ಅಮೆರಿಕದವರು 2008ರಲ್ಲಿ ತಮ್ಮ ಲ್ಯಾಂಡ್‌ಸ್ಯಾಟ್ ಉಪಗ್ರಹಗಳ ಚಿತ್ರಗಳನ್ನು ಉಚಿತ ಮಾಡಿದ ಮೇಲೆ ಜಗತ್ತಿನ ಎಷ್ಟೋ ಬಡ ದೇಶಗಳ ಕಾಡು, ನೀರು, ಬೆಳೆಯ ಲೆಕ್ಕ ಸಾಧ್ಯವಾಯಿತು. ಆದರೆ ನಮ್ಮ ಕಾಕಾನ ಮಟ್ಟಿಗೆ ಇಂಗ್ಲಿಷಿನ ಬಣ್ಣದ ನಕ್ಷೆ ಉಚಿತವಾದರೂ ಒಂದೇ, ದುಬಾರಿಯಾದರೂ ಒಂದೇ.

ಎರೆ ಹೊಲದವರು ತೇವವನ್ನು ಶೇಕಡಾದಲ್ಲಿ ಹೇಳುವುದಿಲ್ಲ. ಬೆರಳು, ಗೇಣಿನಲ್ಲಿ ಹೇಳುತ್ತಾರೆ. ಒಂದು ಗೇಣು ಹಸಿ ಇಳಿದೈತಿ, ಬಿತ್ತಬಹುದು ಅನ್ನುತ್ತಾರೆ. ರಾಡಾರ್ ನೋಡುವುದು ಮೇಲಿನ ಐದು ಸೆಂಟಿಮೀಟರ್ ಅಷ್ಟೇ, ಅಂದರೆ ಮೂರು ಬೆರಳು. ಅದರ ಕೆಳಗಿನದು ಗುದ್ದಲಿ ಹಾಕಿ ನೋಡಿದ ರೈತನಿಗೆ ಗೊತ್ತು. ಹಿಂಗಾರಿ ಬಿತ್ತುವಾಗ ಕೆಳಗಿನ ಆ ಗೇಣೇ ಮುಖ್ಯ. ಈ ಎರಡನ್ನೂ ಕೂಡಿಸಿದರೆ ಎಂಥ ಲೆಕ್ಕ ಆಗುತ್ತದೆ ಯೋಚಿಸಿ ಸರ್! ನಿಮ್ಮ ಮೂರು ಬೆರಳು, ನಮ್ಮ ಒಂದು ಗೇಣು. ನಮ್ಮ ರಾಜ್ಯದಲ್ಲಿ ಪಂಚಾಯತಿ ಮಟ್ಟದಲ್ಲಿ ಮಳೆ ಮಾಪಕಗಳೂ ಇವೆ. ಕೂಡಿಸುವವರು ಮಾತ್ರ ಇಲ್ಲ.

ಆ ಕೂಡಿಸುವ ಕೆಲಸಕ್ಕೆ ಧಾರವಾಡದಲ್ಲಿ ಒಂದು ಕೋಣೆ ಕೊಡಿಸಿ. ದೊಡ್ಡ ಕಟ್ಟಡ ಬೇಡ, ಶಂಕುಸ್ಥಾಪನೆ ಬೇಡ. ಕೃಷಿ ವಿಶ್ವವಿದ್ಯಾಲಯ ಅಲ್ಲೇ ಇದೆ, ಐಐಟಿ ಅಲ್ಲೇ ಇದೆ. ಹೆಸರು ಕಾಳನ್ನು ಬಾಹ್ಯಾಕಾಶಕ್ಕೆ ಕಳಿಸಲಿಕ್ಕೆ ಇವೆರಡೂ ಸೇರಿ ಕೆಲಸ ಮಾಡಿ ತೋರಿಸಿಯಾಗಿದೆ. ನಿಮ್ಮ ಕಡೆಯಿಂದ ಇಬ್ಬರು ಮೂವರು ಬಂದು ಕೂತರೆ ಸಾಕು. ಹುಲಕೋಟಿಯಲ್ಲಿ, ಹನುಮನಮಟ್ಟಿಯಲ್ಲಿ ಕೃಷಿ ವಿಜ್ಞಾನ ಕೇಂದ್ರಗಳಿವೆ. ಗದಗಿನ ಕಡಲೆಯವರಿಗೆ, ಹಾವೇರಿಯ ಗೋವಿನಜೋಳದವರಿಗೆ, ಬ್ಯಾಡಗಿಯ ಮೆಣಸಿನಕಾಯಿಯವರಿಗೆ ಅಲ್ಲಿಂದ ಮಾತು ಮುಟ್ಟಿಸಬಹುದು. ಹುಬ್ಬಳ್ಳಿಯ ಎಂಜಿನಿಯರಿಂಗ್ ಹುಡುಗರು ಕೆಲಸ ಹುಡುಕಿಕೊಂಡು ಬೆಂಗಳೂರು ಬಸ್ ಹತ್ತುತ್ತಾರೆ. ಅವರಲ್ಲಿ ಅರ್ಧಕ್ಕರ್ಧ ಜನರ ಮನೆಯಲ್ಲಿ ಹೊಲ ಇದೆ. ಹಸಿ ಅಂದರೇನು, ಹದ ಅಂದರೇನು ಅಂತ ಅವರಿಗೆ ಯಾರೂ ಹೇಳಿಕೊಡಬೇಕಿಲ್ಲ.

ಇನ್ನೊಂದು ಬೇಡಿಕೆ ಇದೆ. ನನಗೆ ಇದೇ ಜಾಸ್ತಿ ಮುಖ್ಯ. ಉಪಗ್ರಹಕ್ಕೆ ಏನು ಕಾಣುತ್ತದೆ, ಏನು ಕಾಣುವುದಿಲ್ಲ ಅಂತ ಬೆಳೆವಾರು ನೀವೇ ಬರೆದು ಕನ್ನಡದಲ್ಲಿ ಪ್ರಕಟಿಸಿ. ಎರಡೇ ಪುಟ ಸಾಕು. ಹೆಸರು: ಎಲೆಯ ಹಸಿರು ಕಾಣುತ್ತದೆ, ಕಾಯಿಯೊಳಗಿನ ಮೊಳಕೆ ಕಾಣುವುದಿಲ್ಲ. ಮೋಡ ಇದ್ದ ದಿನ ಸಾಮಾನ್ಯ ಚಿತ್ರ ಸಿಗುವುದಿಲ್ಲ, ಚಿತ್ರದ ತಾರೀಖು ಕೇಳಿ. ಹೀಗೆ ಸೀದಾ ಸೀದಾ. ಇಸ್ರೋ ಹೆಸರಿನಲ್ಲಿ ಅಂಥ ಎರಡು ಪುಟ ಕಾಕಾನ ಕೈಯಲ್ಲಿ ಇದ್ದಿದ್ದರೆ ಅವತ್ತು ಅವರು ಸುಮ್ಮನೆ ನಿಲ್ಲುತ್ತಿರಲಿಲ್ಲ. ಬಂದ ಹುಡುಗನಿಗೂ ಏನು ಬರೆಯಬೇಕು ಅಂತ ಗೊತ್ತಾಗುತ್ತಿತ್ತು. ಅವನ ಚಿತ್ರ ಸುಳ್ಳಾಗುತ್ತಿರಲಿಲ್ಲ. ಅದರ ಪಕ್ಕ ಕಾಯಿ ಬಿಡಿಸಿದ ಫೋಟೋ ಒಂದು ಸೇರುತ್ತಿತ್ತು, ಹತ್ತು ದಿನ ಮಣ್ಣು ನೀರು ಕುಡಿದು ನಿಂತಿತ್ತು ಅನ್ನುವ ರಾಡಾರಿನ ಸಾಕ್ಷಿಯೂ ಸೇರುತ್ತಿತ್ತು. 2019ರ ಆಗಸ್ಟಿನಲ್ಲಿ ಮಲಪ್ರಭೆ ಉಕ್ಕಿ ನರಗುಂದದ ಕೊಣ್ಣೂರಿಗೆ ನೀರು ನುಗ್ಗಿದ್ದು ಎಲ್ಲರಿಗೂ ನೆನಪಿದೆ. ನಮ್ಮ ಬೆಣ್ಣಿಹಳ್ಳ ಆಗಾಗ ಹೊಲದ ಮೇಲೆ ಹಾಯುತ್ತದೆ. ನೀರು ಇಳಿದ ಮೇಲೆ ನಮ್ಮ ಹೊಲದಲ್ಲೂ ನೀರು ನಿಂತಿತ್ತು ಅಂತ ಸಾಬೀತು ಮಾಡುವುದು ಎಷ್ಟು ಕಷ್ಟ, ಅನುಭವಿಸಿದವರಿಗೇ ಗೊತ್ತು. ಅಲ್ಲೂ ರಾಡಾರ್ ನಮ್ಮ ಪರವಾಗಿ ನಿಲ್ಲಬಹುದು.

ಸೆಪ್ಟೆಂಬರಿನಲ್ಲಿ ಧಾರವಾಡದ ಕೃಷಿ ಮೇಳಕ್ಕೆ ಲಕ್ಷಗಟ್ಟಲೆ ಜನ ಬರುತ್ತಾರೆ. ಬುತ್ತಿ ಕಟ್ಟಿಕೊಂಡು, ಟ್ರ್ಯಾಕ್ಟರ್ ಮಾಡಿಕೊಂಡು ಬರುತ್ತಾರೆ. ಮುಂದಿನ ಮೇಳಕ್ಕೆ ನೀವು ಬರಬೇಕು. ಭಾಷಣಕ್ಕೆ ಅಲ್ಲ. ಒಂದು ಮೇಜು ಹಾಕಿ ಕೂರಬೇಕು. ರೈತ ಬಂದು ತನ್ನ ಊರ ಹೆಸರು ಹೇಳಿದರೆ, ಇವತ್ತು ನಿಮ್ಮ ಮಣ್ಣಿನಲ್ಲಿ ಇಷ್ಟು ಬೆರಳು ಹಸಿ ಅಂತ ಹೇಳಬೇಕು. ಅವನು ಅಲ್ಲಗಳೆದರೆ ಬರೆದುಕೊಳ್ಳಬೇಕು. ಆ ಅಲ್ಲಗಳೆದ ಪಟ್ಟಿಯೇ ನಿಮ್ಮ ವಿಜ್ಞಾನಿಗಳಿಗೆ ಮುಂದಿನ ವರ್ಷದ ಕೆಲಸ.

ನಿನ್ನೆ ಸೀಗಿ ಹುಣ್ಣಿಮೆ. ಬುತ್ತಿ ಕಟ್ಟಿಕೊಂಡು ಹೊಲಕ್ಕೆ ಹೋಗಿ ಚರಗ ಚೆಲ್ಲಿ ಬಂದೆವು. ಹೆಸರು ಕೆಟ್ಟ ಹೊಲದಲ್ಲೇ ಈಗ ಕಡಲೆ ಬಿತ್ತಬೇಕು. ಊಟ ಆದ ಮೇಲೆ ಕಾಕಾ ಗುದ್ದಲಿ ಹಾಕಿ ಮಣ್ಣು ತೆಗೆದು, ಕೈಯಲ್ಲಿ ಹಿಚುಕಿ ನೋಡಿ, ಗೇಣಿನ ಮೇಲೆ ನಾಲ್ಕು ಬೆರಳು ಹಸಿ ಐತಿ ಅಂದರು. ನಾನು ತಾರೀಖು ಹಾಕಿ ಬರೆದುಕೊಂಡಿದ್ದೇನೆ. ನಿಸಾರ್ ಆ ವಾರ ನಮ್ಮ ಮೇಲೆ ಹಾದಾಗ ಏನು ನೋಡಿತು ಅಂತ ನೀವು ಕಳಿಸಿದರೆ, ಎರಡನ್ನೂ ಪಕ್ಕಪಕ್ಕ ಇಟ್ಟು ನೋಡಬಹುದು. ಬಿತ್ತನೆ ಮುಗಿಯುವ ತನಕ ವಾರಕ್ಕೊಮ್ಮೆ ಬರೆದಿಡುತ್ತೇನೆ.

ಮತ್ತೆ ಆ ಒಂಬತ್ತನೆಯ ತರಗತಿಯ ಹುಡುಗಿಗೆ ನಾನು ಇನ್ನೂ ಸರಿಯಾದ ಉತ್ತರ ಕೊಟ್ಟಿಲ್ಲ. ಮೇಲೆ ಹೋಗಿ ಬಂದ ಹೆಸರು ಯಾವ ಊರಿನದು, ಅದರ ಪೀಳಿಗೆ ಮುಂದೆ ಎಲ್ಲಿ ಬೆಳೆಯುತ್ತದೆ, ಮಕ್ಕಳು ಹೋಗಿ ನೋಡಬಹುದಾ ಅಂತ ದಯವಿಟ್ಟು ತಿಳಿಸಿ. ಅವಳು ಪ್ರತಿ ಸೋಮವಾರ ಕೇಳುತ್ತಾಳೆ.

ಇಂತಿ ನಿಮ್ಮ ವಿಶ್ವಾಸಿ,
ಒಬ್ಬ ನಿವೃತ್ತ ವಿಜ್ಞಾನ ಶಿಕ್ಷಕಿ
ನವಲಗುಂದ ತಾಲ್ಲೂಕು, ಧಾರವಾಡ ಜಿಲ್ಲೆ
ಅಕ್ಟೋಬರ್ 2025